ಪೆಟ್ಟೇ ಬೀಳದೆ ಕೈಕಾಲಿನ ಮೇಲೆ ಕಂದು ಕಲೆ ಬರುವುದು ಯಾಕೆ?

ಪೆಟ್ಟು ಬಿದ್ದಿಲ್ಲ, ಈಗ ತುರಿಕೆಯೂ ಇಲ್ಲ, ಆದರೂ ಕಾಲಿನಲ್ಲಿ, ಕೈ ಮೇಲೆ ಕಂದು ಕಲೆ ಎಂದು ಕೇಳಿದ್ದೀರಿ. ಮಡಿಕೇರಿ ಕಡೆಯವರು ಅಂದಿದ್ದಕ್ಕೆ ನನಗೆ ಮೊದಲು ಹೊಳೆದದ್ದು ಜಿಗಣೆ. ಮಳೆಗಾಲದಲ್ಲಿ ತೋಟಕ್ಕೆ ಇಳಿದರೆ ಅದು ಕಚ್ಚಿದ್ದೇ ಗೊತ್ತಾಗುವುದಿಲ್ಲ, ಅಲ್ವಾ? ಆಮೇಲೆ ತುರಿಸುತ್ತದೆ, ನಾವು ಕೆರೆಯುತ್ತೇವೆ, ವಾಸಿಯಾದ ಮೇಲೂ ಅಲ್ಲಿ ಮೆಲನಿನ್ ಎಂಬ ಬಣ್ಣ ಜಾಸ್ತಿ ಉಳಿದುಬಿಡುತ್ತದೆ. ಗಾಯ ಮರೆತುಹೋಗಿರುತ್ತದೆ, ಕಲೆ ಮಾತ್ರ ತಿಂಗಳುಗಟ್ಟಲೆ ಇರುತ್ತದೆ. ಸೊಳ್ಳೆ ಕಡಿತ, ಮೊಡವೆಗೂ ಇದೇ ಕಥೆ. ತಾನಾಗಿ ಮಾಸುತ್ತದೆ, ನಿಧಾನಕ್ಕೆ.

ಕೈ ಮೇಲಿನದ್ದು ಬಿಸಿಲಿನದ್ದೂ ಇರಬಹುದು. ಕಾಫಿ ಕೊಯ್ಲಿನ ಹೊತ್ತಲ್ಲಿ ಚಳಿ ಇದೆ ಅಂತ ಬಿಸಿಲನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ ನಾವು. ಇನ್ನೊಂದು, ನಿಂಬೆಹಣ್ಣು ಹಿಂಡಿ ಕೈ ತೊಳೆಯದೆ ಬಿಸಿಲಿಗೆ ಹೋದರೆ ರಸ ಸೋಕಿದ ಕಡೆ ಚರ್ಮ ಸುಟ್ಟ ಹಾಗಾಗಿ ಕಂದು ಗೆರೆ ಮೂಡಬಹುದು, ಹಾಗಾಗಿ ಕಲೆ ಹೋಗಲಿ ಎಂದು ದಯವಿಟ್ಟು ನಿಂಬೆ ಉಜ್ಜಬೇಡಿ. ಎದೆ, ಬೆನ್ನಿನ ಮೇಲೆ ಸಣ್ಣಗೆ ಹೊಟ್ಟು ಏಳುವ ಕಲೆಯಾದರೆ ಅದು ಬಹುಶಃ ಫಂಗಸ್. ಅದಕ್ಕೆ ಬೇರೆ ಮದ್ದಿದೆ. ಮೆಡಿಕಲ್‌ನಿಂದ ಸ್ಟೀರಾಯ್ಡ್ ಮುಲಾಮು ತಂದು ಸುಮ್ನೆ ಹಚ್ಚಿದರೆ ಅದು ಇನ್ನೂ ಹರಡಬಹುದು.

ಕಲೆಯ ಮೇಲೆ ಮುಟ್ಟಿದ್ದು ಗೊತ್ತಾಗದಿದ್ದರೆ ಮಾತ್ರ ಕಾಯಬೇಡಿ, ಅದು ಕುಷ್ಠ ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಪೂರ್ತಿ ಗುಣವಾಗುತ್ತದೆ. ಅಂಗಾಲಿನಲ್ಲೋ ಉಗುರಿನ ಕೆಳಗೋ ಹೊಸ ಕಪ್ಪು ಕಲೆ ಬಂದು ದೊಡ್ಡದಾಗುತ್ತಿದ್ದರೂ ಚರ್ಮದ ಡಾಕ್ಟರಿಗೆ ತೋರಿಸಿ.