ಉದುರಿದ ಬೇವಿನ ಎಲೆಯನ್ನು ಸುಡಬೇಕೇ, ಗಿಡಗಳಿಗೆ ಹಾಕಬೇಕೇ?

ಸುಡಬೇಡಿ, ಗಿಡಗಳ ಬುಡಕ್ಕೆ ಹೊದಿಸಿ. ವಿಜಯಪುರದ ಕಡೆ ಶಿಶಿರದ ಕೊನೆಗೆ ಬೇವು ಎಲೆ ಉದುರಿಸುವ ಹೊತ್ತಿಗೇ ಎರೆಮಣ್ಣು ಒಣಗಿ ಬಾಯಿ ಬಿಡತೊಡಗುತ್ತದೆ. ಆ ಬಿರುಕುಗಳ ಮೂಲಕ ಮೇಲ್ಪದರದ ತೇವವಷ್ಟೇ ಅಲ್ಲ, ಬೇರಿನ ಮಟ್ಟದ ತೇವವೂ ಆವಿಯಾಗುತ್ತದೆ. ನಾಲ್ಕು ಬೆರಳು ದಪ್ಪ ಎಲೆ ಹರಡಿದರೆ ಬಿಸಿಲೂ ಒಣಗಾಳಿಯೂ ನೇರವಾಗಿ ಮಣ್ಣಿಗೆ ತಾಗುವುದಿಲ್ಲ, ಬಿರುಕೂ ಕಡಿಮೆ.

ಆದರೆ ಒಣ ಎಲೆಯನ್ನು ಅಗೆದು ಮಣ್ಣಿನೊಳಗೆ ಸೇರಿಸಬೇಡಿ. ಅದರಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಕೊರತೆ ಬಿದ್ದ ಸಾರಜನಕವನ್ನು ಸುತ್ತಲಿನ ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಗಿಡಕ್ಕೆ ಸಿಗಬೇಕಾದ್ದು ಅವುಗಳ ಪಾಲಾಗಿ, ಎಲೆಗಳು ಕೆಲಕಾಲ ಹಳದಿಗೆ ತಿರುಗಬಹುದು. ಮೇಲೆಯೇ ಬಿಟ್ಟರೆ ಈ ಪೈಪೋಟಿ ಬೇರಿನವರೆಗೆ ಇಳಿಯುವುದಿಲ್ಲ.

ಬೂದಿಯೂ ಗೊಬ್ಬರವೇ ಅಲ್ಲವೇ ಎನ್ನುವವರು ಪ್ರತಿ ಓಣಿಯಲ್ಲೂ ಇದ್ದಾರೆ. ಬೂದಿಯಲ್ಲಿ ಪೊಟ್ಯಾಷ್ ಉಳಿಯುವುದು ನಿಜ, ಸಾರಜನಕ ಮಾತ್ರ ಬಹುಪಾಲು ಹೊಗೆಯೊಂದಿಗೇ ಹೋಗುತ್ತದೆ. ಮೇಲಾಗಿ ನಮ್ಮ ಎರೆಮಣ್ಣು ಸಾಮಾನ್ಯವಾಗಿ ಮೊದಲೇ ಕ್ಷಾರೀಯ, ಅಂದರೆ ಸುಣ್ಣದ ಗುಣದ್ದು. ಬೂದಿ ಸುರಿದರೆ ಆ ಗುಣ ಇನ್ನೂ ಏರುತ್ತದೆ.

ಎಲೆ ಕಾಂಡಕ್ಕೆ ತಾಗದಂತೆ ಸ್ವಲ್ಪ ಜಾಗ ಬಿಡಿ, ಗೆದ್ದಲಿನ ಕಾಟವಿರುವಲ್ಲಂತೂ ಕಡ್ಡಾಯ. ಗಾಳಿಗೆ ಹಾರಿದರೆ ಸಗಣಿ ನೀರು ಚಿಮುಕಿಸಿ.