ಹಾಲು ಆಗಿಬರದವರ ಮೂರು ಪ್ರಶ್ನೆ

ಪ್ರಶ್ನೆ: ಚಿಕ್ಕವಳಿದ್ದಾಗ ದಿನಕ್ಕೆ ಎರಡು ಲೋಟ ಹಾಲು ಕುಡಿಯುತ್ತಿದ್ದೆ, ಏನೂ ಆಗುತ್ತಿರಲಿಲ್ಲ. ಈಗ ನನಗೆ 34. ಒಂದು ಲೋಟ ಕುಡಿದರೆ ಎರಡು ಗಂಟೆಯೊಳಗೆ ಹೊಟ್ಟೆ ಗುಡುಗುಡು, ಉಬ್ಬರ, ಕೆಲವು ಸಲ ಭೇದಿ. ಅಪ್ಪ, ಅಮ್ಮ, ತಮ್ಮ ಮೂವರೂ ಆರಾಮಾಗಿ ಕುಡಿಯುತ್ತಾರೆ. "ಎಲ್ಲಾ ನಿನ್ನ ಭ್ರಮೆ" ಅಂತಾರೆ. ಒಂದೇ ಮನೆಯಲ್ಲಿ ನನಗೊಬ್ಬಳಿಗೇ ಯಾಕೆ ಈ ಕಾಯಿಲೆ? ಗುಣ ಆಗುತ್ತಾ ಮೇಡಂ?

ಉತ್ತರ: ಈ ಉತ್ತರವನ್ನು ಮನೆಯವರೆಲ್ಲ ಕೂತಿರುವಾಗ ಗಟ್ಟಿಯಾಗಿ ಓದಿ. ನಿಮಗಾಗುತ್ತಿರುವುದು ಭ್ರಮೆ ಅಲ್ಲ. ನೀವು ಹೇಳಿದ್ದಷ್ಟೇ ಆದರೆ ಕಾಯಿಲೆಯೂ ಅಲ್ಲ.

ನಾನು ಹನ್ನೊಂದು ವರ್ಷ ಉಸಿರಿನ ಪರೀಕ್ಷೆಯ ಕೋಣೆಯಲ್ಲಿ ಕೆಲಸ ಮಾಡಿದವಳು. ಅಲ್ಲಿ ನೋಡಿದ್ದನ್ನೇ ಮೊದಲು ಹೇಳುತ್ತೇನೆ. ಬರುವವರು ರಾತ್ರಿಯಿಂದ ಏನೂ ತಿಂದಿರುವುದಿಲ್ಲ. ಬಂದ ಕೂಡಲೇ ಒಂದು ಕೊಳವೆಗೆ ಊದಬೇಕು. ಉಸಿರಿನಲ್ಲಿ ಹೈಡ್ರೋಜನ್ ಎಷ್ಟಿದೆ ಎಂದು ಯಂತ್ರ ಅಂಕಿ ತೋರಿಸುತ್ತದೆ. ಆಮೇಲೆ ಹಾಲಿನ ಸಕ್ಕರೆ ಕರಗಿಸಿದ ನೀರು ಕುಡಿಸಿ, ಅರ್ಧ ಗಂಟೆಗೊಮ್ಮೆ ಮತ್ತೆ ಮತ್ತೆ ಊದಿಸುತ್ತೇವೆ. ನಮ್ಮ ದೇಹದ ಯಾವ ಜೀವಕೋಶವೂ ಹೈಡ್ರೋಜನ್ ತಯಾರಿಸುವುದಿಲ್ಲ. ಅದನ್ನು ಮಾಡುವುದು ಕರುಳಿನ ಬ್ಯಾಕ್ಟೀರಿಯಾ. ಜೀರ್ಣವಾಗದ ಸಕ್ಕರೆ ದೊಡ್ಡ ಕರುಳಿಗೆ ಇಳಿದರೆ ಅವು ಅದನ್ನು ಹುದುಗಿಸುತ್ತವೆ. ಆ ಗಾಳಿ ರಕ್ತಕ್ಕೆ ಸೇರಿ, ಶ್ವಾಸಕೋಶಕ್ಕೆ ಬಂದು, ಉಸಿರಿನಲ್ಲಿ ಹೊರಗೆ ಹೋಗುತ್ತದೆ. ಮೊದಲಿದ್ದ ಅಂಕಿಗಿಂತ 20 ಹೆಚ್ಚಾದರೆ ಸಾಕು, ಹಾಲಿನ ಸಕ್ಕರೆ ಜೀರ್ಣವಾಗಿಲ್ಲ ಅಂತ ಅರ್ಥ.

ಒಬ್ಬ ಹೆಂಗಸು ಬಂದಿದ್ದರು, ಹೆಚ್ಚುಕಡಿಮೆ ನಿಮ್ಮ ವಯಸ್ಸು. ಮೊದಲು 5 ಇತ್ತು. ಒಂದು ಗಂಟೆಗೆ 9. ಒಂದೂವರೆ ಗಂಟೆಗೆ 41. ಎರಡು ಗಂಟೆಗೆ 78. ಆ ಅಂಕಿಯನ್ನೇ ಸ್ವಲ್ಪ ಹೊತ್ತು ನೋಡಿ, "ಹಾಗಾದರೆ ನಾನು ಸುಳ್ಳು ಹೇಳ್ತಿರಲಿಲ್ಲ, ಅಲ್ವಾ?" ಅಂದರು. ಅದನ್ನು ನಾನು ಮರೆತಿಲ್ಲ. ಎಷ್ಟು ವರ್ಷ ಆ ಮಾತು ಕೇಳಿಸಿಕೊಂಡಿದ್ದರೋ.

ಈಗ ಯಾಕೆ ಹೀಗೆ ಅನ್ನುವುದಕ್ಕೆ ಬರೋಣ. ಹಾಲಿನ ಸಕ್ಕರೆಗೆ ಲ್ಯಾಕ್ಟೋಸ್ ಅಂತ ಹೆಸರು. ಗ್ಲೂಕೋಸ್, ಗ್ಯಾಲಕ್ಟೋಸ್ ಎರಡೂ ಅಂಟಿಕೊಂಡಿರುವ ಜೋಡಿ ಅದು. ಜೋಡಿಯಾಗಿದ್ದರೆ ಕರುಳು ಹೀರಿಕೊಳ್ಳಲಾರದು, ಬಿಡಿಸಬೇಕು. ಬಿಡಿಸುವ ಕಿಣ್ವ ಲ್ಯಾಕ್ಟೇಸ್. ಎಳೆಮಗುವಿಗೆ ಹಾಲೇ ಊಟ, ಹಾಗಾಗಿ ಹುಟ್ಟಿದ ಮಗುವಿನ ಸಣ್ಣ ಕರುಳಿನಲ್ಲಿ ಇದು ಬೇಕಾದಷ್ಟು ಇರುತ್ತದೆ. ಹಾಲು ಬಿಡಿಸುವ ವಯಸ್ಸು ದಾಟಿದ ಮೇಲೆ ದೇಹ ಅದರ ತಯಾರಿಕೆಯನ್ನು ನಿಧಾನವಾಗಿ ಕಡಿಮೆ ಮಾಡುತ್ತದೆ. ಒಂದೇ ದಿನಕ್ಕೆ ನಿಲ್ಲುವುದಿಲ್ಲ, ವರ್ಷಗಟ್ಟಲೆ ಇಳಿಯುತ್ತಾ ಹೋಗುತ್ತದೆ. ಅದಕ್ಕೇ ಚಿಕ್ಕಂದಿನಲ್ಲಿ ನಿಮಗೆ ತೊಂದರೆ ಆಗಲಿಲ್ಲ. ಹಸು, ಬೆಕ್ಕು, ಇಲಿ, ಹೆಚ್ಚುಕಡಿಮೆ ಎಲ್ಲ ಸಸ್ತನಿಗಳಲ್ಲೂ ಹೀಗೇ. ಜಗತ್ತಿನ ದೊಡ್ಡವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ನಿಮ್ಮ ಹಾಗೇ ಇದ್ದಾರೆ. ಬೇರೆ ಥರ ಇರುವವರು ನಿಮ್ಮ ತಮ್ಮ.

ತಮ್ಮನಿಗೆ ಸಿಕ್ಕಿದ್ದು ಡಿಎನ್‌ಎ ಎಂಬ ದೇಹದ ಬರಹದಲ್ಲಿ ಒಂದೇ ಒಂದು ಅಕ್ಷರ. ಲ್ಯಾಕ್ಟೇಸ್ ತಯಾರಿಸುವ ಜೀನ್ ನಮ್ಮ 2ನೇ ವರ್ಣತಂತುವಿನಲ್ಲಿದೆ. ನಿಮ್ಮ ಜೀನೂ ಸರಿಯಾಗೇ ಇದೆ, ಅದರಲ್ಲಿ ಏನೂ ಕೆಟ್ಟಿಲ್ಲ. ವ್ಯತ್ಯಾಸ ಇರುವುದು ಅದನ್ನು ಆನ್ ಆಫ್ ಮಾಡುವ ಸ್ವಿಚ್ಚಿನಲ್ಲಿ. ಆ ಸ್ವಿಚ್ ಇರುವುದು ಸುಮಾರು 14,000 ಅಕ್ಷರ ಹಿಂದೆ, ಪಕ್ಕದ ಎಂಸಿಎಂ6 ಎಂಬ ಜೀನಿನ ಒಳಗೆ. ಪಕ್ಕದ ಮನೆಯಲ್ಲಿ ನಮ್ಮ ಮನೆಯ ಸ್ವಿಚ್ ಇದ್ದ ಹಾಗೆ! 2002ರಲ್ಲಿ ಫಿನ್ಲೆಂಡಿನ ಲೀನಾ ಪೆಲ್ಟೊನೆನ್ ಅವರ ತಂಡ ಅಲ್ಲಿನ ಒಂಬತ್ತು ದೊಡ್ಡ ಕುಟುಂಬಗಳ ಡಿಎನ್‌ಎ ಹೋಲಿಸಿ ಅದನ್ನು ಪತ್ತೆ ಮಾಡಿತು. ಲ್ಯಾಕ್ಟೇಸ್ ಜೀನಿನಿಂದ ಹಿಂದಕ್ಕೆ ಎಣಿಸಿದರೆ ಸಿಗುವ 13,910ನೇ ಅಕ್ಷರ 'ಸಿ' ಇದ್ದವರಲ್ಲಿ ಲ್ಯಾಕ್ಟೇಸ್ ಇಳಿಯುತ್ತದೆ. ಅಲ್ಲಿ 'ಟಿ' ಇದ್ದರೆ ಸ್ವಿಚ್ ಜೀವನಪೂರ್ತಿ ಆನ್.

ನಿಮ್ಮ ಮನೆಯ ಲೆಕ್ಕ ಇಲ್ಲೇ ಬಿಡಿಸಿಕೊಳ್ಳುತ್ತದೆ. ಪ್ರತಿಯೊಬ್ಬರಿಗೂ ಈ ಜಾಗದ ಎರಡು ಪ್ರತಿ ಇರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಎರಡರಲ್ಲಿ ಒಂದು 'ಟಿ' ಆದರೂ ಸಾಕು, ಹಾಲು ಜೀರ್ಣವಾಗುತ್ತದೆ. ನಿಮ್ಮ ಅಪ್ಪ ಅಮ್ಮ ಇಬ್ಬರಲ್ಲೂ ಬಹುಶಃ ಒಂದು 'ಟಿ', ಒಂದು 'ಸಿ' ಇದೆ. ಅಂಥ ದಂಪತಿಗೆ ಹುಟ್ಟುವ ಪ್ರತಿ ಮಗುವಿಗೂ ಎರಡು 'ಸಿ' ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆ ಒಂದು ನಿಮ್ಮ ಪಾಲಿಗೆ ಬಂದಿದೆ, ಅಷ್ಟೇ. ಅಪ್ಪ ಅಮ್ಮ ಇಬ್ಬರೂ ಕುಡಿಯುತ್ತಾರೆ ಅನ್ನುವುದು ನಿಮ್ಮ ವಿರುದ್ಧ ಸಾಕ್ಷಿ ಆಗುವುದಿಲ್ಲ.

ಗುಣ ಆಗುತ್ತಾ ಅಂದರೆ, ಕಿಣ್ವ ವಾಪಸ್ ಬರುವುದಿಲ್ಲ. ಆದರೆ ಹಾಲನ್ನು ಪೂರ್ತಿ ಬಿಡಬೇಕಾಗಿಯೂ ಇಲ್ಲ. ನಿಮ್ಮಂಥವರಲ್ಲಿ ಹೆಚ್ಚಿನವರು ಒಂದು ಹೊತ್ತಿಗೆ 12 ಗ್ರಾಂವರೆಗೆ ಲ್ಯಾಕ್ಟೋಸ್ ತಡೆದುಕೊಳ್ಳುತ್ತಾರೆ. ಅದು ಸುಮಾರು ಒಂದು ಲೋಟ ಹಾಲು. ನಿಮಗೆ ಅಷ್ಟೂ ಜಾಸ್ತಿ ಆಗುತ್ತಿದ್ದರೆ ಅರ್ಧ ಲೋಟಕ್ಕೆ ಇಳಿಸಿ, ಖಾಲಿ ಹೊಟ್ಟೆಯಲ್ಲಿ ಬೇಡ, ಊಟದ ಜೊತೆ ಕುಡಿಯಿರಿ. ಮೊಸರು ಇನ್ನೂ ಸುಲಭ. ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾ ಸ್ವಲ್ಪ ಲ್ಯಾಕ್ಟೋಸನ್ನು ಮೊದಲೇ ತಿಂದಿರುತ್ತವೆ. ಜೊತೆಗೆ ಅವು ತಮ್ಮದೇ ಕಿಣ್ವವನ್ನು ನಿಮ್ಮ ಕರುಳಿನವರೆಗೂ ಹೊತ್ತು ತರುತ್ತವೆ. ತುಂಬಾ ದಿನ ಹಣ್ಣಾಗಿಸಿದ ಗಟ್ಟಿ ಚೀಸಿನಲ್ಲಿ ಲ್ಯಾಕ್ಟೋಸ್ ಇಲ್ಲವೇ ಇಲ್ಲ ಅನ್ನಬಹುದು. ದಿನಾ ಸ್ವಲ್ಪ ಸ್ವಲ್ಪ ಹಾಲು ತೆಗೆದುಕೊಳ್ಳುತ್ತಿದ್ದರೆ ಕರುಳಿನ ಬ್ಯಾಕ್ಟೀರಿಯಾಗಳೂ ಅದಕ್ಕೆ ಹೊಂದಿಕೊಂಡು ತೊಂದರೆ ಕಡಿಮೆಯಾಗುತ್ತದೆ. ಆದರೆ ಮಲದಲ್ಲಿ ರಕ್ತ ಕಂಡರೆ, ಸುಮ್ನೆ ತೂಕ ಇಳಿಯುತ್ತಿದ್ದರೆ, ನಿದ್ದೆಯಿಂದ ಎಬ್ಬಿಸುವಷ್ಟು ಭೇದಿಯಾದರೆ ಅದು ಹಾಲಿನ ಕಥೆ ಅಲ್ಲ. ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಿ.

ಪ್ರಶ್ನೆ: ಬೇರೆ ಯಾವ ಪ್ರಾಣಿಯೂ ದೊಡ್ಡದಾದ ಮೇಲೆ ಹಾಲು ಕುಡಿಯಲ್ಲ. ಮನುಷ್ಯರು ತಲೆತಲಾಂತರದಿಂದ ಕುಡಿದೂ ಕುಡಿದೂ ಆ ಶಕ್ತಿ ಬೆಳೆಸಿಕೊಂಡರು ಅನ್ನುತ್ತಾರೆ. ನಿಜವಾ?

ಉತ್ತರ: ಕುಡಿದದ್ದರಿಂದ ಅಕ್ಷರ ಬದಲಾಗಲಿಲ್ಲ. ಅಕ್ಷರ ಆಕಸ್ಮಿಕವಾಗಿ ಬದಲಾಯಿತು. ಅದು ಇದ್ದವರು ಹೆಚ್ಚು ಬದುಕಿ ಉಳಿದರು, ಅವರ ಮಕ್ಕಳು ಹೆಚ್ಚಾದರು. ಎರಡೂ ಒಂದೇ ಥರ ಕೇಳಿಸುತ್ತದೆ, ಆದರೆ ಬಹಳ ವ್ಯತ್ಯಾಸ ಇದೆ.

ಇದಕ್ಕೆ ಸಾಕ್ಷಿ ಮಡಕೆ ಚೂರುಗಳಲ್ಲಿದೆ. ಸುಟ್ಟ ಮಣ್ಣಿನ ರಂಧ್ರಗಳಿಗೆ ಹಾಲಿನ ಕೊಬ್ಬು ಇಳಿದರೆ ಸಾವಿರಾರು ವರ್ಷ ಅಲ್ಲೇ ಉಳಿಯುತ್ತದೆ. ಈಗಿನ ಟರ್ಕಿಯ ವಾಯವ್ಯ ಭಾಗದಲ್ಲಿ ಸಿಕ್ಕ ಸುಮಾರು 8,500 ವರ್ಷ ಹಳೆಯ ಮಡಕೆಗಳಲ್ಲಿ ಹಾಲಿನ ಕೊಬ್ಬು ಸಿಕ್ಕಿದೆ. ಪೋಲೆಂಡಿನಲ್ಲಿ ಸುಮಾರು 7,000 ವರ್ಷ ಹಿಂದಿನ ತೂತುತೂತು ಮಡಕೆ ಚೂರುಗಳಿವೆ. ಬಹಳ ಕಾಲ ಅವು ಯಾವುದಕ್ಕೆ ಅಂತ ಗೊತ್ತಿರಲಿಲ್ಲ. ಅವುಗಳಲ್ಲೂ ಹಾಲಿನ ಕೊಬ್ಬೇ ಸಿಕ್ಕಿತು. ಒಡೆದ ಹಾಲನ್ನು ಸೋಸಿ ನೀರು ತೆಗೆಯುವ ಜರಡಿ ಅವು. ಆ ನೀರಿನ ಜೊತೆಗೇ ಲ್ಯಾಕ್ಟೋಸಿನ ಹೆಚ್ಚಿನ ಪಾಲು ಹೋಗುತ್ತದೆ. ನೋಡಿ, ಜೀನ್ ಕೊಡದೇ ಇದ್ದದ್ದನ್ನು ಅವರು ಮಡಕೆಯಲ್ಲಿ ಮಾಡಿಕೊಂಡಿದ್ದರು. ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ವಸ್ತು ಆ ಜರಡಿ.

'ಟಿ' ಮಾತ್ರ ಬಹಳ ತಡವಾಗಿ ಹರಡಿತು. ಜರ್ಮನಿಯ ಟೊಲೆನ್ಸೆ ನದಿಯ ದಡದಲ್ಲಿ ಸುಮಾರು 3,200 ವರ್ಷ ಹಿಂದೆ ಯುದ್ಧದಲ್ಲಿ ಸತ್ತವರ ಮೂಳೆಗಳಿಂದ ಡಿಎನ್‌ಎ ತೆಗೆದು 2020ರಲ್ಲಿ ಪ್ರಕಟಿಸಿದರು. ಅವರಲ್ಲಿ ಆ ಅಕ್ಷರ 100 ಪ್ರತಿಗೆ ಸುಮಾರು 7 ಮಾತ್ರ. ಅಷ್ಟರಲ್ಲಿ ಯುರೋಪಿನವರು ಹಾಲು ಬಳಸಲು ಶುರು ಮಾಡಿ ನಾಲ್ಕು ಸಾವಿರ ವರ್ಷದ ಮೇಲಾಗಿತ್ತು! ಕುಡಿದೂ ಕುಡಿದೂ ಬರುವಂಥದ್ದಾಗಿದ್ದರೆ ಅಷ್ಟು ಹೊತ್ತಿಗೆ ಎಲ್ಲರಿಗೂ ಬಂದಿರಬೇಕಿತ್ತು.

ಹಾಗಾದರೆ ಆಮೇಲೆ ಅಷ್ಟು ವೇಗವಾಗಿ ಹೇಗೆ ಹಬ್ಬಿತು? ಬ್ರಿಸ್ಟಲ್ ವಿಶ್ವವಿದ್ಯಾಲಯದ ರಿಚರ್ಡ್ ಎವರ್‌ಶೆಡ್ ಮತ್ತು ಜೊತೆಗಾರರು 2022ರಲ್ಲಿ 550ಕ್ಕೂ ಹೆಚ್ಚು ಜಾಗಗಳ 13,000ಕ್ಕೂ ಹೆಚ್ಚು ಮಡಕೆ ಚೂರುಗಳ ಮಾಹಿತಿಯನ್ನು ಹಳೆಯ ಡಿಎನ್‌ಎ ಜೊತೆ ಇಟ್ಟು ನೋಡಿದರು. ಹಾಲಿನ ಬಳಕೆ ಹೆಚ್ಚಾದ ಕಾಲಕ್ಕೂ 'ಟಿ' ಹೆಚ್ಚಾದ ಕಾಲಕ್ಕೂ ತಾಳೆಯಾಗಲಿಲ್ಲ. ಬರಗಾಲ, ಸೋಂಕುರೋಗಗಳ ಸೂಚನೆ ಜೊತೆ ಹೆಚ್ಚು ಹೊಂದಿತು. ನನಗೆ ಇದು ನಂಬುವಂತೆ ಕಾಣುತ್ತದೆ. ಹೊಟ್ಟೆ ತುಂಬಿದವರಿಗೆ ಹಾಲಿನ ಭೇದಿ ಅಂದರೆ ಒಂದು ದಿನದ ಕಿರಿಕಿರಿ. ಬರಗಾಲದಲ್ಲಿ ಒಣಗಿಹೋದ ದೇಹಕ್ಕೆ, ಅದೂ ಹುದುಗಿಸದ ಹಾಲೊಂದೇ ಉಳಿದಿದ್ದಾಗ, ಅದೇ ಭೇದಿ ಪ್ರಾಣ ತೆಗೆಯಬಹುದು. ಆ 'ಟಿ' ಹಿಂದೆ ಎಷ್ಟು ಸಾವುಗಳಿವೆಯೋ ಅಂತ ನೆನೆದರೆ ಮನಸ್ಸು ಭಾರವಾಗುತ್ತದೆ.

ಇನ್ನೊಂದು ಮಾತು. ಇದು ಒಂದೇ ಸಲ ಆದದ್ದೂ ಅಲ್ಲ. ಅಮೆರಿಕದ ತಳಿವಿಜ್ಞಾನಿ ಸಾರಾ ಟಿಷ್‌ಕಾಫ್ ಅವರ ತಂಡ 2007ರಲ್ಲಿ ಟಾಂಜಾನಿಯಾ, ಕೀನ್ಯಾ, ಸುಡಾನಿನ ಜನರನ್ನು ಪರೀಕ್ಷಿಸಿದಾಗ ಅದೇ ಸ್ವಿಚ್ಚಿನಲ್ಲಿ ಬೇರೆ ಮೂರು ಬದಲಾವಣೆ ಸಿಕ್ಕವು. ಅಕ್ಷರ ಬೇರೆ, ಫಲ ಒಂದೇ. ಇನ್ನು ಮಂಗೋಲಿಯಾದಲ್ಲಿ ಸಾವಿರಾರು ವರ್ಷದಿಂದ ಹಾಲು ಮುಖ್ಯ ಆಹಾರಗಳಲ್ಲೊಂದು, ಆದರೂ ಹೆಚ್ಚಿನವರಲ್ಲಿ ಲ್ಯಾಕ್ಟೇಸ್ ಉಳಿಯುವುದಿಲ್ಲ. ಅವರು ಬಹುಪಾಲು ಹುದುಗಿಸಿಯೇ ಬಳಸುತ್ತಾರೆ. ಪ್ರಕೃತಿಗೆ ಇಂಥದ್ದೇ ಒಂದು ದಾರಿ ಅಂತೇನೂ ಇಲ್ಲ.

ಪ್ರಶ್ನೆ: ಎರಡು ವರ್ಷದ ಮಗಳಿಗೆ ಜೋರು ವಾಂತಿ ಭೇದಿ ಆಗಿತ್ತು. ಅದು ನಿಂತ ಮೇಲೂ ಹಾಲು ಕುಡಿಸಿದರೆ ಭೇದಿ. ಇನ್ನು ಜೀವನವಿಡೀ ಹಾಲು ಕೊಡುವಂತಿಲ್ಲವೇ?

ಉತ್ತರ: ಹೆದರಬೇಡಿ. ಮಗಳ ವಿಷಯ ಮೇಲಿನ ಎರಡಕ್ಕೂ ಬೇರೆ. ಕರುಳಿನ ಒಳಗೋಡೆಯಲ್ಲಿ ಮಖಮಲ್ ಬಟ್ಟೆಯ ಎಳೆಗಳಂಥ ಸಣ್ಣ ಕುಚ್ಚುಗಳಿರುತ್ತವೆ. ಲ್ಯಾಕ್ಟೇಸ್ ಹೆಚ್ಚಾಗಿ ಅವುಗಳ ತುದಿಯ ಕಡೆ ಇರುತ್ತದೆ. ಸೋಂಕು ಬಂದಾಗ ಮೊದಲು ಉದುರುವುದೇ ಆ ತುದಿ. ಹೊಸ ಕೋಶಗಳು ಕೆಲವು ದಿನಗಳಲ್ಲೇ ಬರುತ್ತವೆ, ಆದರೆ ಅವು ಬಲಿತು ಕಿಣ್ವ ತಯಾರಿಸಲು ಇನ್ನಷ್ಟು ಸಮಯ ಬೇಕು. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಅಲ್ಲಿಯವರೆಗೆ ಬೇರೆ ಹಾಲು ಕಡಿಮೆ ಮಾಡಿ ಮೊಸರು ಕೊಟ್ಟು ನೋಡಿ. ಇನ್ನೂ ಎದೆಹಾಲು ಕುಡಿಯುತ್ತಿದ್ದರೆ ಅದನ್ನು ನಿಲ್ಲಿಸಬೇಡಿ. ಬಾಯಿ ಒಣಗಿದ್ದರೆ, ಮೂತ್ರ ಕಡಿಮೆಯಾದರೆ, ಮಗು ಮಂಕಾಗಿದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಎರಡು ಮೂರು ವಾರ ಕಳೆದ ಮೇಲೆ ಎರಡು ಚಮಚ ಹಾಲಿನಿಂದ ಮತ್ತೆ ಶುರು ಮಾಡಿ.