ಒಬ್ಬರಿದ್ದರೆ ಸರಾಗ, ಇಬ್ಬರಾದರೆ ನಿಧಾನ

ಪ್ರಶ್ನೆ: ನಮ್ಮದು ಬಿಡಿಭಾಗಗಳ ಅಂಗಡಿ. ಬಿಲ್ಲು, ಸ್ಟಾಕು ಎಲ್ಲ ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿದೆ. 180 ಎಂಬಿ ಫೈಲು ಒಂದು ಕಂಪ್ಯೂಟರಿನ ಶೇರ್ ಫೋಲ್ಡರಿನಲ್ಲಿದೆ; ಉಳಿದ ನಾಲ್ಕರಲ್ಲಿ ಝಡ್ ಡ್ರೈವ್ ಮೂಲಕ ತೆರೆಯುತ್ತೇವೆ. ಎರಡನೆಯವರು ತೆರೆದ ಕೂಡಲೇ ಫಾರ್ಮ್ ಬರಲು ಅರ್ಧ ನಿಮಿಷ ಹಿಡಿಯುತ್ತದೆ. ಕಂಪ್ಯೂಟರುಗಳನ್ನು ಜೋಡಿಸುವ ನೆಟ್‌ವರ್ಕ್ ಸ್ವಿಚ್ ಬದಲಿಸಿದರೂ ಗುಣ ಕಾಣಲಿಲ್ಲ.

ಉತ್ತರ: ಒಬ್ಬರೇ ಇದ್ದಾಗ ವಿಂಡೋಸ್ ಓದಿದ್ದನ್ನು ಆ ಕಂಪ್ಯೂಟರಿನ ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ. ಇನ್ನೊಬ್ಬರು ಬಂದರೆ ಆ ಸವಲತ್ತು ಹೋಗಿ, ಓದು, ಲಾಕು (ಒಬ್ಬರು ತಿದ್ದುವಾಗ ಇನ್ನೊಬ್ಬರನ್ನು ತಡೆಯುವ ಬೀಗ) ಎಲ್ಲಕ್ಕೂ ನೆಟ್‌ವರ್ಕ್ ದಾಟಬೇಕಾಗುತ್ತದೆ. ಫೋಲ್ಡರ್ ಇರುವ ಯಂತ್ರ ಬರೀ ಫೈಲು ಒದಗಿಸುತ್ತದೆ. ಹುಡುಕುವ ಕೆಲಸವೆಲ್ಲ ನಿಮ್ಮೆದುರಿನ ಯಂತ್ರದ್ದೇ. ಆಕ್ಸೆಸ್ ಫೈಲಿನ ಒಂದು ಪುಟ 4 ಕೆಬಿ. ಒಂದು ಫಾರ್ಮಿಗೆ 5,000 ಪುಟ ಬೇಕಾದರೆ ಅದು ಬರೀ 20 ಎಂಬಿ. ಆದರೆ ಪುಟಕ್ಕೊಂದು ಸಲ ಹೋಗಿಬರಲು ವೈಫೈನಲ್ಲಿ 5 ಮಿಲಿಸೆಕೆಂಡ್ ಹಿಡಿದರೆ ಒಟ್ಟು 25 ಸೆಕೆಂಡ್! ತಂತಿಯಲ್ಲಿ ಅರ್ಧ ಮಿಲಿಸೆಕೆಂಡ್ ಎಂದರೆ ಎರಡೂವರೆ ಸೆಕೆಂಡ್. ಹಾಗಾಗಿ ಯಾವ ಯಂತ್ರವಾದರೂ ವೈಫೈನಲ್ಲಿದ್ದರೆ ಮೊದಲು ಕೇಬಲ್ ಎಳೆಸಿ.

ಆಮೇಲೆ ಎಲ್ಲರೂ ಮುಚ್ಚಿದ ಹೊತ್ತಲ್ಲಿ ಫೈಲಿನ ನಕಲು ತೆಗೆದಿಟ್ಟು, ಡೇಟಾಬೇಸ್ ಟೂಲ್ಸ್‌ನ ಆಕ್ಸೆಸ್ ಡೇಟಾಬೇಸ್ ಬಟನ್ ಒತ್ತಿ ಫೈಲನ್ನು ಎರಡಾಗಿಸಿ. ಟೇಬಲ್‌ಗಳಷ್ಟೇ ಶೇರ್ ಫೋಲ್ಡರಿನಲ್ಲಿರಲಿ. ಫಾರ್ಮ್, ಕ್ವೆರಿ (ಟೇಬಲ್‌ನಿಂದ ಬೇಕಾದ್ದನ್ನು ಹುಡುಕಿಸುವ ಆದೇಶ), ರಿಪೋರ್ಟ್ ಇರುವ ಭಾಗದ ಒಂದೊಂದು ಪ್ರತಿ ಪ್ರತಿಯೊಬ್ಬರ ಸಿ ಡ್ರೈವಿನಲ್ಲಿರಬೇಕು.

ಇಷ್ಟಕ್ಕೇ ನಿಲ್ಲಿಸುವವರೇ ಹೆಚ್ಚು. ಅಸಲಿ ಲಾಭ ಇರುವುದು ಮುಂದಿನ ಹೆಜ್ಜೆಯಲ್ಲಿ. ಫಾರ್ಮ್ ತೆರೆದು ಮುಚ್ಚಿದಾಗಲೆಲ್ಲ ಆಕ್ಸೆಸ್ ಶೇರ್ ಫೋಲ್ಡರಿನ ಲಾಕ್ ಫೈಲನ್ನು ಹೊಸದಾಗಿ ತೆರೆಯುತ್ತ ಮುಚ್ಚುತ್ತ ಇರುತ್ತದೆ. ಕಾಲ ಹೋಗುವುದು ಅಲ್ಲೇ. ಟೇಬಲ್‌ಗಳ ಫೈಲಿನಲ್ಲಿ ಒಂದೇ ದಾಖಲೆಯ ಪುಟ್ಟ ಟೇಬಲ್ ಮಾಡಿ, ಅದನ್ನು ಸಿ ಡ್ರೈವಿನ ಪ್ರತಿಗೆ ಲಿಂಕ್ ಮಾಡಿ, ಆ ಪ್ರತಿಯಲ್ಲಿ ಅದರ ಮೇಲೊಂದು ಫಾರ್ಮ್ ಕಟ್ಟಿ. ಫೈಲು ತೆರೆದ ಕೂಡಲೇ ತಾನಾಗಿ ಓಡುವ ಆಟೋಎಕ್ಸೆಕ್ ಮ್ಯಾಕ್ರೋದಿಂದ ಆ ಫಾರ್ಮನ್ನು ವಿಂಡೋ ಮೋಡ್ ಹಿಡನ್ (ಕಣ್ಣಿಗೆ ಕಾಣದಂತೆ) ಎಂದು ತೆರೆಸಿ. ದಿನವಿಡೀ ಅದು ತೆರೆದೇ ಇರಲಿ, ಸಂಪರ್ಕ ಕಡಿಯುವುದಿಲ್ಲ.

ಪ್ರತಿ ಟೇಬಲ್‌ನ ಪ್ರಾಪರ್ಟಿಯಲ್ಲಿ ಸಬ್‌ಡೇಟಾಶೀಟ್ ನೇಮ್ (ಸಂಬಂಧಿತ ಟೇಬಲನ್ನೂ ಜೊತೆಗೆ ತೋರಿಸುವ ಸವಲತ್ತು) ಎಂಬುದನ್ನು ಆಟೋದಿಂದ ನನ್‌ಗೆ ಬದಲಿಸಿ. ಬಿಲ್ ದಿನಾಂಕಕ್ಕೆ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಕೊಡಿ. ಕ್ವೆರಿಯಲ್ಲಿ ಇಯರ್ ಫಂಕ್ಷನ್ ಹಾಕಿ 2024 ಎಂದು ಹುಡುಕಿದರೆ ಆ ಇಂಡೆಕ್ಸ್ ಉಪಯೋಗಕ್ಕೇ ಬರುವುದಿಲ್ಲ, ಇಡೀ ಟೇಬಲ್ ತಂತಿಯಲ್ಲಿ ಹರಿದು ಬರುತ್ತದೆ. ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಬಿಟ್ವೀನ್ ಬಳಸಿ ಕೇಳಿ.

ಪ್ರಶ್ನೆ: ಇದೇ ಫೈಲನ್ನು ಗೂಗಲ್ ಡ್ರೈವ್‌ನಲ್ಲಿಟ್ಟರೆ ಇನ್ನೊಂದು ಊರಿನ ಶಾಖೆಯವರೂ ಬಳಸಬಹುದೇ?

ಉತ್ತರ: ದಯವಿಟ್ಟು ಬೇಡ. ಅಲ್ಲಿ ಲಾಕ್ ಎಂಬುದಿಲ್ಲ. ಇಬ್ಬರು ಏಕಕಾಲಕ್ಕೆ ಬಿಲ್ ಹಾಕಿದರೆ ಎರಡು ಬೇರೆ ಬೇರೆ ಫೈಲುಗಳಾಗಿ, ಒಬ್ಬರ ನಮೂದು ಹೋಗುತ್ತದೆ. ಶಾಖೆ ಸೇರಿಸುವುದಾದರೆ ಟೇಬಲ್‌ಗಳನ್ನು ಮೈಕ್ರೋಸಾಫ್ಟ್‌ನದೇ ಡೇಟಾಬೇಸ್ ಸರ್ವರ್ ಆದ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್‌ಗೆ ಸಾಗಿಸಿ. ಅದು ಉಚಿತ. ಫಾರ್ಮ್‌ಗಳು ಆಕ್ಸೆಸ್‌ನಲ್ಲೇ ಉಳಿಯಬಹುದು.